ಹಳೆಯ ಗಾಡಿ, ಹೊಸ ಇಂಜಿನು

ಬಾಡಿಗೆಯ ಮೋಟಾರು ಗಾಡಿಯೊಂದನ್ನೇ ನೆಚ್ಚಿ ಸಂಸಾರ ನಡೆಸುವವನಿಗೆ ಅದರ ಇಂಜಿನು ನಿಂತಿತೆಂದರೆ ಮನೆಯ ಒಲೆಯೂ ಅರ್ಧ ಆರಿದಂತೆಯೇ. ಮಲೆನಾಡಿನ ತೋಟದ ಜೀಪು, ಸಣ್ಣ ಊರಿನ ಬಾಡಿಗೆಯ ಕಾರು, ತಂದೆಯಿಂದ ಮಗನಿಗೆ ಬಂದ ಹಳೆಯ ಅಂಬಾಸಿಡರು, ಇವುಗಳ ಒಡೆಯರಿಗೆಲ್ಲ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆ ಎದುರಾಗುತ್ತದೆ: ಇರುವ ಇಂಜಿನನ್ನು ಬಿಚ್ಚಿ ರಿಪೇರಿ ಮಾಡಿಸುವುದೇ, ಅದೇ ಜಾತಿಯ ಮತ್ತೊಂದು ಇಂಜಿನನ್ನು ತಂದು ಕೂರಿಸುವುದೇ, ಅಥವಾ ಬೇರೆ ಗಾಡಿಯ ಹೊಸ ಬಗೆಯ ಇಂಜಿನನ್ನು ಜೋಡಿಸುವುದೇ? ಈ ಪ್ರಶ್ನೆಗೆ ಅವಸರದಲ್ಲಿ ಉತ್ತರ ಹೇಳಿಕೊಂಡವರು ಹಣವನ್ನು ಕಳೆದುಕೊಳ್ಳುವುದುಂಟು; ಅಪರೂಪವಾಗಿ ಪ್ರಾಣವನ್ನೂ ಅಪಾಯಕ್ಕೆ ಒಡ್ಡುವುದುಂಟು. ಆದಕಾರಣ ಇಂಜಿನಿನ ಬಾಳಿಕೆ ಯಾವುದನ್ನು ಆಶ್ರಯಿಸಿದೆ, ಅದನ್ನು ಬದಲಾಯಿಸುವಾಗ ಗಾಡಿಯ ಉಳಿದ ಅಂಗಗಳಿಗೆ ಏನಾಗುತ್ತದೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮೊದಲು ಇಂಜಿನಿನ ದುಡಿಮೆ ಎಂತಹುದೆಂಬುದನ್ನು ತಿಳಿಯಬೇಕು. ಜರ್ಮನಿಯ ನಿಕೊಲಾಸ್ ಆಟೋ ಎಂಬಾತನು ೧೮೭೬ರಲ್ಲಿ ನಾಲ್ಕು ಹೊಡೆತಗಳ ಇಂಜಿನನ್ನು ನಡೆಯಿಸಿ ತೋರಿಸಿದನು. ಇಂದಿಗೂ ಪೆಟ್ರೋಲು ಕಾರುಗಳು ಬಹುಮಟ್ಟಿಗೆ ಅದೇ ಕ್ರಮವನ್ನು ಅನುಸರಿಸುತ್ತವೆ. ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಕ್ಕೆ ಎಳೆಯುವುದು, ಅದನ್ನು ಒತ್ತುವುದು, ಕಿಡಿಯಿಂದ ಉರಿಸಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು, ಹೊಗೆಯನ್ನು ಹೊರಕ್ಕೆ ನೂಕುವುದು, ಇವೇ ಆ ನಾಲ್ಕು ಹೊಡೆತಗಳು. ಅದೇ ದೇಶದ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೭ರಲ್ಲಿ ಯಶಸ್ವಿಯಾಗಿ ನಡೆಯಿಸಿದ ಇಂಜಿನಿನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಬರಿಯ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಳೆಯ ಪೆಟ್ರೋಲು ಇಂಜಿನು ಗಾಳಿಯನ್ನು ಸುಮಾರು ಏಳೆಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ, ಕಾರುಗಳ ಹಳೆಯ ಡೀಸೆಲು ಇಂಜಿನು ಇಪ್ಪತ್ತರಲ್ಲಿ ಒಂದು ಪಾಲಿಗೆ, ಕೆಲವೊಮ್ಮೆ ಇನ್ನೂ ಕಡಿಮೆಗೆ, ಇಳಿಸುತ್ತದೆ. ಈ ಒಂದು ವ್ಯತ್ಯಾಸದಿಂದ ಎಷ್ಟೆಲ್ಲ ಪರಿಣಾಮಗಳು ಉಂಟಾಗುತ್ತವೆಂಬುದನ್ನು ಮುಂದೆ ನೋಡುವೆವು.

ಲೆಕ್ಕವೊಂದನ್ನು ತೆಗೆದುಕೊಳ್ಳೋಣ. ಅಂಬಾಸಿಡರು ಕಾರಿನಲ್ಲಿ ಬಹುಕಾಲ ಇದ್ದ ೧೪೮೯ ಘನ ಸೆಂಟಿಮೀಟರಿನ ಇಂಜಿನಿನ ಪಿಸ್ಟನ್ನು ಒಂದು ಸಲಕ್ಕೆ ಸುಮಾರು ೮೯ ಮಿಲಿಮೀಟರು ದೂರ ಚಲಿಸುತ್ತದೆ. ಇಂಜಿನು ನಿಮಿಷಕ್ಕೆ ೩೦೦೦ ಸುತ್ತು ಸುತ್ತಿದರೆ ಪ್ರತಿ ಸೆಕೆಂಡಿಗೆ ಪಿಸ್ಟನ್ನು ೫೦ ಬಾರಿ ಮೇಲೇರಿ ೫೦ ಬಾರಿ ಕೆಳಗಿಳಿಯುವುದು. ಒಂದು ಗಂಟೆಯಲ್ಲಿ ೧,೮೦,೦೦೦ ಸುತ್ತುಗಳು; ಪ್ರತಿ ಸಿಲಿಂಡರಿನಲ್ಲಿಯೂ ೯೦,೦೦೦ ಸ್ಫೋಟಗಳು; ಪಿಸ್ಟನ್ನು ಆ ಗೇಣುದ್ದವೂ ಇಲ್ಲದ ಕೊಳವೆಯೊಳಗೇ ಉಜ್ಜಿಕೊಂಡು ಸಾಗುವ ದಾರಿ ಸುಮಾರು ೩೨ ಕಿಲೋಮೀಟರು. ಒಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಮಾತ್ರ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಪಿಸ್ಟನ್ನಿನ ಲೋಹವಾದ ಅಲ್ಯೂಮಿನಿಯಮ್ಮಾದರೋ ೬೬೦ ಡಿಗ್ರಿಗೇ ಕರಗತಕ್ಕದ್ದು. ಹೀಗಿದ್ದರೂ ಅದು ಕರಗದೆ, ಅಂಟಿಕೊಳ್ಳದೆ, ವರ್ಷಗಟ್ಟಲೆ ದುಡಿಯುವುದಕ್ಕೆ ಕಾರಣ ಎರಡೇ: ಸುತ್ತಲೂ ಹರಿದು ಶಾಖವನ್ನು ಒಯ್ಯುವ ನೀರು, ಮತ್ತು ನಡುವೆ ನಿಂತು ಲೋಹಕ್ಕೆ ಲೋಹ ತಗುಲದಂತೆ ಕಾಯುವ ಎಣ್ಣೆಯ ಪದರ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಬಿಡುವ ಸಂದು ಹೆಚ್ಚುಕಡಿಮೆ ಒಂದು ಕೂದಲೆಳೆಯ ದಪ್ಪ. ಇಂಜಿನಿನ ಆಯುಸ್ಸು ನಿಂತಿರುವುದು ಆ ಕೂದಲೆಳೆಯ ಜಾಗದಲ್ಲಿ.

ಆ ಸಂದನ್ನು ಹಿಗ್ಗಿಸುವ ಶತ್ರುಗಳಲ್ಲಿ ಧೂಳು ಮೊದಲನೆಯದು. ಗಾಳಿಯ ಶೋಧಕ ಹರಿದಿದ್ದರೆ ಒಳಹೊಕ್ಕ ಮಣ್ಣಿನ ಕಣಗಳು ಎಣ್ಣೆಯೊಡನೆ ಬೆರೆತು ಸಾಣೆಯ ಹುಡಿಯಂತೆ ಕೆಲಸಮಾಡುತ್ತವೆ. ಎರಡನೆಯದು ಹಳಸಿದ ಎಣ್ಣೆ. ಮೂರನೆಯದು ತಣ್ಣಗಿರುವ ಇಂಜಿನನ್ನು ಎಬ್ಬಿಸಿದೊಡನೆಯೇ ಜೋರಾಗಿ ಓಡಿಸುವ ಅಭ್ಯಾಸ. ರಾತ್ರಿಯೆಲ್ಲ ಕೆಳಕ್ಕಿಳಿದ ಎಣ್ಣೆ ಮೇಲಿನ ಭಾಗಗಳನ್ನು ಸೇರುವುದಕ್ಕೆ ಮುಂಚೆಯೇ ಅವು ಒಂದನ್ನೊಂದು ಉಜ್ಜುತ್ತವೆ. ದಿನವೂ ನೂರು ಮೈಲಿ ಒಂದೇ ಸಮನೆ ಓಡುವ ಗಾಡಿಯ ಇಂಜಿನು, ಪೇಟೆಯೊಳಗೆ ಅರ್ಧ ಮೈಲಿಗೊಮ್ಮೆ ನಿಂತು ಹೊರಡುವ ಗಾಡಿಯ ಇಂಜಿನಿಗಿಂತ ಹೆಚ್ಚು ದೂರ ಬಾಳುವುದಕ್ಕೆ ಇದೇ ಮುಖ್ಯ ಕಾರಣ.

ಇಲ್ಲಿ ಇನ್ನೊಂದು ತತ್ತ್ವವನ್ನು ಗಮನಿಸಬೇಕು. ಒಂದು ಯಂತ್ರದಲ್ಲಿ ನೂರು ಭಾಗಗಳಿದ್ದು, ಅವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಯಂತ್ರ ನಿಲ್ಲುವುದೆಂದು ಭಾವಿಸೋಣ. ಪ್ರತಿಯೊಂದು ಭಾಗವೂ ವರ್ಷವಿಡೀ ಕೆಡದೆ ಇರುವ ಸಂಭವ ನೂರಕ್ಕೆ ೯೯ ಎಂದಿಟ್ಟುಕೊಂಡರೆ, ಇಡೀ ಯಂತ್ರವು ವರ್ಷವೆಲ್ಲ ಕೆಡದೆ ನಡೆಯುವ ಸಂಭವ ನೂರಕ್ಕೆ ೩೭ಕ್ಕಿಂತ ಹೆಚ್ಚಿಲ್ಲ! ಒಂದೊಂದರ ಭರವಸೆಯನ್ನು ಮತ್ತೊಂದರಿಂದ ಗುಣಿಸುತ್ತ ಹೋಗಬೇಕಾದುದರಿಂದ ಹೀಗಾಗುತ್ತದೆ. ಹಳೆಯ ಗಾಡಿ ದಾರಿಯಲ್ಲಿ ನಿಂತಾಗ ಜನರು ಇಂಜಿನು ಹೋಯಿತೆಂದು ಹೇಳುವರು. ಬಿಚ್ಚಿ ನೋಡಿದರೆ ಅನೇಕ ವೇಳೆ ಬಿರಿದ ರಬ್ಬರು ಕೊಳವೆ, ಸಡಿಲವಾದ ಫ್ಯಾನ್ ಬೆಲ್ಟು, ಕಿಲುಬು ಹಿಡಿದ ತಂತಿ, ದಣಿದ ಪೆಟ್ರೋಲ್ ಪಂಪು, ಇಂತಹ ಅಲ್ಪ ವಸ್ತುವೇ ಕಾರಣವಾಗಿರುತ್ತದೆ. ಇಂಜಿನನ್ನು ಬದಲಾಯಿಸಿ ಈ ಪರಿವಾರವನ್ನು ಹಾಗೆಯೇ ಉಳಿಸಿಕೊಂಡವನಿಗೆ ಮತ್ತೆ ಅದೇ ದಾರಿಯ ಬದಿ ಕಾದಿರುತ್ತದೆ.

ಆದುದರಿಂದ ಹಣ ಬಿಚ್ಚುವುದಕ್ಕೆ ಮುಂಚೆ ರೋಗವನ್ನು ಗುರುತಿಸುವುದು ವಿವೇಕ. ಹೊಗೆಯ ಬಣ್ಣ ಬಹಳಷ್ಟನ್ನು ಹೇಳುತ್ತದೆ. ನೀಲಿ ಹೊಗೆ ಬಂದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ರಿಂಗುಗಳೋ ವಾಲ್ವುಗಳ ಸೀಲುಗಳೋ ಸವೆದಿವೆ. ಕರಿಯ ಹೊಗೆ ಬಂದರೆ ಗಾಳಿಗಿಂತ ಇಂಧನ ಹೆಚ್ಚಾಗಿದೆ. ಇಂಜಿನು ಬಿಸಿಯೇರಿದ ಮೇಲೆಯೂ ಬಿಳಿಯ ಹೊಗೆ ನಿಲ್ಲದೆ ಬರುತ್ತಿದ್ದು, ರೇಡಿಯೇಟರಿನ ನೀರು ಇಳಿಯುತ್ತಿದ್ದು, ಎಣ್ಣೆ ಅಳೆಯುವ ಕಡ್ಡಿಯ ಮೇಲೆ ಹಾಲು ಬೆರೆಸಿದ ಕಾಫಿಯಂತಹ ಬಣ್ಣ ಕಂಡರೆ, ನೀರು ಎಣ್ಣೆಯೊಡನೆ ಸೇರುತ್ತಿದೆಯೆಂದು, ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದೆಂದು ತಿಳಿಯಬೇಕು. ಇದಾದಮೇಲೆ ಕಂಪ್ರೆಷನ್ ಪರೀಕ್ಷೆ. ಪೆಟ್ರೋಲು ಇಂಜಿನಿನ ಪ್ಲಗ್ಗನ್ನು ತೆಗೆದು ಅಲ್ಲಿ ಒತ್ತಡದ ಮಾಪಕವನ್ನು ಇಟ್ಟು ಇಂಜಿನನ್ನು ತಿರುಗಿಸಿದರೆ ಯಾವ ಸಿಲಿಂಡರು ಬಲಗುಂದಿದೆಯೆಂಬುದು ಗೊತ್ತಾಗುವುದು. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗಿನಲ್ಲಿ. ಏರದಿದ್ದರೆ ವಾಲ್ವಿನಲ್ಲಿಯೋ ಗ್ಯಾಸ್ಕೆಟ್ಟಿನಲ್ಲಿಯೋ. ಕಾಲು ಗಂಟೆಯ ಈ ಪರೀಕ್ಷೆಯನ್ನು ಮಾಡದೆ ಇಂಜಿನನ್ನು ಇಳಿಸೋಣವೆನ್ನುವ ಮಿಸ್ತ್ರಿಯ ಮಾತಿಗೆ ಒಡನೆಯೇ ತಲೆಯಾಡಿಸಬಾರದು.

ಸವೆತ ನಿಜವಾಗಿಯೂ ಕಂಡುಬಂದರೆ ಹಳೆಯ ಕಾಲದ ಇಂಜಿನುಗಳಿಗೆ ಒಂದು ಸೌಕರ್ಯವುಂಟು. ಅವುಗಳ ಎರಕದ ಕಬ್ಬಿಣ ದಪ್ಪವಾದುದು. ಸಿಲಿಂಡರುಗಳನ್ನು ಸ್ವಲ್ಪ ದೊಡ್ಡದಾಗಿ ಕೊರೆದು ಅಳತೆ ಮೀರಿದ ಪಿಸ್ಟನ್ನುಗಳನ್ನು ಹಾಕಬಹುದು. ಇದನ್ನೇ ಬೋರ್ ಮಾಡಿಸುವುದೆನ್ನುತ್ತಾರೆ. ಹೀಗೆ ಕೊರೆಯುವುದಕ್ಕೂ ಒಂದು ಮಿತಿಯಿದೆ. ಅದನ್ನು ಮೀರಿದ ಮೇಲೆ ಒಳಗೆ ಹೊಸ ಕೊಳವೆಯನ್ನು, ಎಂದರೆ ಸ್ಲೀವನ್ನು, ಕೂರಿಸಿ ಮೊದಲಿನ ಅಳತೆಗೆ ತರಬಹುದು. ಕ್ರ್ಯಾಂಕ್ ಶಾಫ್ಟನ್ನು ಸಾಣೆ ಹಿಡಿದು ಹೊಸ ಬೇರಿಂಗುಗಳನ್ನು ಹಾಕಿದರೆ ಇಂಜಿನಿಗೆ ಮತ್ತೊಂದು ಜನ್ಮ ಬಂದಂತೆಯೇ. ಬಿಡಿಭಾಗಗಳು ಸಿಕ್ಕುವವರೆಗೆ, ಬಲ್ಲ ಕೈಗಳು ಇರುವವರೆಗೆ, ಇದೇ ಎಲ್ಲಕ್ಕಿಂತ ನೇರವಾದ ದಾರಿ. ಏಕೆಂದರೆ ಗಾಡಿಯ ಉಳಿದ ಭಾಗಗಳೆಲ್ಲವೂ ಈ ಇಂಜಿನಿಗೆಂದೇ ಲೆಕ್ಕಹಾಕಿ ಮಾಡಿದವು.

ಹಾಗಾದರೆ ಜನರು ಬೇರೆ ಜಾತಿಯ ಇಂಜಿನನ್ನು ಏಕೆ ಬಯಸುತ್ತಾರೆ? ಬಹುಪಾಲು ಸಂದರ್ಭಗಳಲ್ಲಿ ಇಂಧನದ ಬೆಲೆಯೇ ಕಾರಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ದೇಶದ ಬಸ್ಸುಗಳು ಇದ್ದಿಲಿನ ಒಲೆಯನ್ನು ಹೊತ್ತು, ಅದರ ಅನಿಲದಿಂದಲೇ ಓಡಿದವು. ಅಲ್ಲಿ ಇಂಜಿನು ಹಾಗೆಯೇ ಇದ್ದು ಅದರ ಆಹಾರ ಮಾತ್ರ ಬದಲಾಯಿತು. ೧೯೭೩ರಲ್ಲಿ ಲೋಕದಲ್ಲೆಲ್ಲ ಎಣ್ಣೆಯ ಬೆಲೆ ಏರಿದ ತರುವಾಯ, ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದ ಡೀಸೆಲಿನ ಕಡೆಗೆ ನಮ್ಮವರ ದೃಷ್ಟಿ ತಿರುಗಿತು. ಆಗ ಇಂಜಿನನ್ನೇ ಬದಲಾಯಿಸುವ ಕಸಬು ಊರೂರಿನ ಕಾರ್ಖಾನೆಗಳಲ್ಲಿ ಬೆಳೆಯಿತು.

ಈ ವಿಷಯದಲ್ಲಿ ಅಂಬಾಸಿಡರು ಕಾರಿನ ಚರಿತ್ರೆಯೇ ಒಳ್ಳೆಯ ದೃಷ್ಟಾಂತ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯ ಮೇಲೆ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾಡಾದಲ್ಲಿ ಅದನ್ನು ೧೯೫೭ರಲ್ಲಿ ಹೊರತಂದಿತು. ಮೊದಲಿಗೆ ಅದರಲ್ಲಿದ್ದುದು ವಾಲ್ವುಗಳು ಪಕ್ಕದಲ್ಲಿರುವ ಹಳೆಯ ಬಗೆಯ ೧೪೭೬ ಘನ ಸೆಂಟಿಮೀಟರಿನ ಇಂಜಿನು. ಸ್ವಲ್ಪ ಕಾಲದಲ್ಲಿಯೇ ವಾಲ್ವುಗಳು ಮೇಲಿರುವ ೧೪೮೯ ಘನ ಸೆಂಟಿಮೀಟರಿನದು ಬಂದಿತು. ೧೯೮೦ರ ಸುಮಾರಿಗೆ ಅಷ್ಟೇ ಗಾತ್ರದ ಡೀಸೆಲು ಇಂಜಿನು ಸೇರಿತು. ಅದರ ಶಕ್ತಿ ೪೦ ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ೧೯೯೦ರ ದಶಕದ ಆದಿಯಲ್ಲಿ ಜಪಾನಿನ ಇಸುಜು ಸಂಸ್ಥೆಯ ೧೮೧೭ ಘನ ಸೆಂಟಿಮೀಟರಿನ ಪೆಟ್ರೋಲು ಇಂಜಿನನ್ನು ಕೂರಿಸಿದರು. ೨೦೧೪ರ ಮೇ ತಿಂಗಳಲ್ಲಿ ಕಾರ್ಖಾನೆ ನಿಂತುಹೋಗುವವರೆಗೂ ಹೊರಗಿನ ಆಕೃತಿ ಹೆಚ್ಚು ಬದಲಾಗಲಿಲ್ಲ. ಬದಲಾದುದು ಒಳಗಿನ ಹೃದಯ. ಗಮನಿಸಬೇಕಾದ ಅಂಶವೇನೆಂದರೆ, ಇಸುಜು ಇಂಜಿನು ಒಂಟಿಯಾಗಿ ಬರಲಿಲ್ಲ; ಅದರೊಡನೆ ಐದು ಗೇರುಗಳ ಹೊಸ ಗೇರ್ ಬಾಕ್ಸೂ ಬಂದಿತು. ಅದೇ ಸಂಸ್ಥೆಯು ೧೯೮೪ರಲ್ಲಿ ತಂದ ಕಾಂಟೆಸಾ ಎಂಬ ದೊಡ್ಡ ಕಾರಿಗೆ ಮೊದಲು ಅಂಬಾಸಿಡರಿನ ಆ ೧೪೮೯ರ ಇಂಜಿನನ್ನೇ ಹೂಡಿದ್ದರು. ಭಾರವಾದ ಮೈಗೆ ಆ ಬಲ ಸಾಲಲಿಲ್ಲ. ಇಸುಜು ಇಂಜಿನು ಬಂದ ಮೇಲೆಯೇ ಅದಕ್ಕೆ ತಕ್ಕ ನಡೆ ದೊರೆಯಿತು. ಕಾರ್ಖಾನೆಯವರಿಗೇ ಇಂಜಿನಿನ ಹೊಂದಾಣಿಕೆ ಇಷ್ಟು ವಿಚಾರದ ಕೆಲಸವಾಗಿರುವಲ್ಲಿ ಉಳಿದವರ ಪಾಡನ್ನು ಹೇಳಬೇಕಾದುದಿಲ್ಲ.

ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಪರಿಚಿತವಾದ ಜೀಪಿನ ವಿಷಯವೂ ಹೀಗೆಯೇ. ಮಹೀಂದ್ರ ಸಂಸ್ಥೆಯು ೧೯೪೭ರಿಂದ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಅದರ ಪೆಟ್ರೋಲು ಇಂಜಿನು ಬಲಶಾಲಿಯಾದರೂ ಬಹಳ ಬಾಯಾರಿಕೆಯುಳ್ಳದ್ದು. ಕಾಲಕ್ರಮದಲ್ಲಿ ಆ ಸಂಸ್ಥೆಯೇ ಟ್ರ್ಯಾಕ್ಟರಿನ ಡೀಸೆಲು ಇಂಜಿನನ್ನೂ, ಅನಂತರ ಫ್ರಾನ್ಸಿನ ಪೂಜೊ ಸಂಸ್ಥೆಯ ೨೧೧೨ ಘನ ಸೆಂಟಿಮೀಟರಿನ ಡೀಸೆಲು ಇಂಜಿನನ್ನೂ ಜೀಪುಗಳಿಗೆ ಹಾಕಿತು. ಟ್ರ್ಯಾಕ್ಟರಿನ ಇಂಜಿನು ನಿಧಾನವಾಗಿ ಸುತ್ತುತ್ತ ಬಲವಾಗಿ ಎಳೆಯತಕ್ಕದ್ದು. ತೋಟದ ಏರಿಗೆ ಹೇಳಿ ಮಾಡಿಸಿದಂತಹದು. ಹೆದ್ದಾರಿಯ ಓಟಕ್ಕೆ ಒಗ್ಗದು. ಗಾಡಿಗೆ ಏನು ಕೆಲಸವೆಂಬುದನ್ನು ನಿಶ್ಚಯಿಸಿಕೊಳ್ಳದೆ ಯಾವ ಇಂಜಿನು ಒಳ್ಳೆಯದೆಂದು ಕೇಳುವುದರಲ್ಲಿ ಅರ್ಥವಿಲ್ಲ.

ಈಗ ಬದಲಾವಣೆಯ ತೊಡಕುಗಳಿಗೆ ಬರೋಣ. ಹಳೆಯ ಗಾಡಿಗೆ ಹೊಸ ಜೋಡಿ ಎತ್ತುಗಳನ್ನು ಕಟ್ಟುವ ರೈತನು ನೊಗ ತಾಳುವುದೇ, ಅಚ್ಚು ತಾಳುವುದೇ, ಇಳಿಜಾರಿನಲ್ಲಿ ಗಾಡಿ ನಿಲ್ಲುವುದೇ ಎಂದು ನೋಡುತ್ತಾನೆ. ಇಲ್ಲಿಯೂ ಹಾಗೆಯೇ ನೋಡಬೇಕು. ಮೊದಲನೆಯದು ತೂಕ. ಡೀಸೆಲು ಇಂಜಿನು ಹೆಚ್ಚು ಒತ್ತಡವನ್ನು ತಡೆಯಬೇಕಾದುದರಿಂದ ಅದರ ಮೈ ದಪ್ಪ, ತೂಕ ಹೆಚ್ಚು. ಆ ಭಾರ ಮುಂದಿನ ಸ್ಪ್ರಿಂಗುಗಳ ಮೇಲೆ ಬಿದ್ದು ಗಾಡಿಯ ಮೂತಿ ತಗ್ಗುತ್ತದೆ, ಸ್ಟೀರಿಂಗು ಬಿಗಿಯಾಗುತ್ತದೆ, ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಎರಡನೆಯದು ಜೋಡಣೆ. ಬೇರೆ ಇಂಜಿನನ್ನು ಹಳೆಯ ಗೇರ್ ಬಾಕ್ಸಿಗೆ ಸೇರಿಸಲು ನಡುವೆ ಒಂದು ಲೋಹದ ಫಲಕವನ್ನು ಕಡೆಯಿಸುತ್ತಾರೆ. ಇಂಜಿನಿನ ಶಾಫ್ಟೂ ಗೇರ್ ಬಾಕ್ಸಿನ ಶಾಫ್ಟೂ ಒಂದೇ ನೇರದಲ್ಲಿ ನಿಲ್ಲದೆ ಕೂದಲಿನಷ್ಟು ಓರೆಯಾದರೂ ಬೇರಿಂಗು, ಕ್ಲಚ್ಚುಗಳು ಮತ್ತೆ ಮತ್ತೆ ಹೋಗುತ್ತವೆ. ಎಷ್ಟು ಸಲ ಬದಲಾಯಿಸಿದರೂ ಕಾರಣ ತಿಳಿಯುವುದಿಲ್ಲ. ಮೂರನೆಯದು ಬಲ. ಹೊಸ ಇಂಜಿನಿನ ತಿರುಚುವ ಶಕ್ತಿ ಹೆಚ್ಚಾಗಿದ್ದರೆ ಅದು ಕ್ಲಚ್ಚನ್ನೂ ಗೇರುಗಳನ್ನೂ ಹಿಂದಿನ ಅಚ್ಚಿನ ಹಲ್ಲುಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತದೆ, ಅತ್ಯಂತ ದುರ್ಬಲವಾದುದು ಮೊದಲು ಮುರಿಯುತ್ತದೆ. ನಾಲ್ಕನೆಯದು ಗೇರುಗಳ ಪ್ರಮಾಣ. ಪೆಟ್ರೋಲು ಇಂಜಿನಿನ ವೇಗಕ್ಕೆ ಕಟ್ಟಿದ ಹಿಂದಿನ ಅಚ್ಚಿಗೆ ನಿಧಾನದ ಡೀಸೆಲನ್ನು ಹೂಡಿದರೆ, ಗಾಡಿ ಗಂಟೆಗೆ ಐವತ್ತು ಅರವತ್ತು ಕಿಲೋಮೀಟರಿನಲ್ಲಿಯೇ ಕಿರುಚತೊಡಗುತ್ತದೆ.

ಇವೆಲ್ಲವೂ ಹಣದ ನಷ್ಟಗಳು. ಪ್ರಾಣಕ್ಕೆ ಸಂಬಂಧಿಸಿದುದು ಬ್ರೇಕು. ಓಡುವ ಗಾಡಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಓಡುತ್ತಿದ್ದ ಗಾಡಿಯನ್ನು ೯೦ ಕಿಲೋಮೀಟರಿನಲ್ಲಿ ಓಡಿಸಿದರೆ ವೇಗ ಒಂದೂವರೆ ಪಟ್ಟಾದರೂ, ಬ್ರೇಕುಗಳು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಇಂಜಿನು ಮಾತ್ರ ಹೊಸದಾಗಿ ಬ್ರೇಕು ಹಳೆಯದಾಗಿಯೇ ಉಳಿದರೆ ಘಟ್ಟದ ಇಳಿಜಾರಿನಲ್ಲಿ ಇದರ ಫಲ ಕಾಣುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಅನೇಕ ಕಾರುಗಳಲ್ಲಿ ಕಾಲಿನ ಒತ್ತಡಕ್ಕೆ ನೆರವಾಗುವ ಬ್ರೇಕ್ ಬೂಸ್ಟರು, ಪೆಟ್ರೋಲು ಇಂಜಿನು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತದಿಂದ ನಡೆಯುತ್ತದೆ. ಸಾಮಾನ್ಯವಾಗಿ ಡೀಸೆಲು ಇಂಜಿನಿನಲ್ಲಿ ಗಾಳಿಯನ್ನು ತಡೆಯುವ ಆ ಕದ ಇಲ್ಲದ ಕಾರಣ ನಿರ್ವಾತವೂ ಸಾಕಷ್ಟು ಹುಟ್ಟುವುದಿಲ್ಲ. ಅದಕ್ಕೆಂದೇ ಪ್ರತ್ಯೇಕವಾದ ವ್ಯಾಕ್ಯೂಮ್ ಪಂಪು ಬೇಕು. ಅದನ್ನು ಮರೆತು ಡೀಸೆಲನ್ನು ಕೂರಿಸಿದ ಗಾಡಿಯ ಪೆಡಲು ಒಮ್ಮೆಲೇ ಕಲ್ಲಿನಂತಾಗುತ್ತದೆ. ಬದಲಾವಣೆ ಮುಗಿದ ದಿನ ಮೊದಲು ಪರೀಕ್ಷಿಸಬೇಕಾದುದು ಓಟವನ್ನಲ್ಲ, ನಿಲ್ಲುವುದನ್ನು.

ಈಚಿನ ಇಂಜಿನುಗಳಲ್ಲಿ ಮತ್ತೊಂದು ಕಷ್ಟ ಸೇರಿದೆ. ೨೦೨೦ರ ಏಪ್ರಿಲಿನಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ ಆರು ಎಂಬ ಹೊಗೆಯ ನಿಯಮಕ್ಕೆ ಒಳಪಟ್ಟ ಇಂಜಿನು ತನ್ನ ಎಲೆಕ್ಟ್ರಾನಿಕ್ ಮೆದುಳು, ಹತ್ತಾರು ಸೆನ್ಸರುಗಳು, ಹೊಗೆಯನ್ನು ಶುದ್ಧಿಮಾಡುವ ಪಾತ್ರೆಗಳು ಇವೆಲ್ಲದರ ಸಮೇತ ಒಂದು ಕುಟುಂಬದಂತಿರುತ್ತದೆ. ಕಬ್ಬಿಣವನ್ನು ಮಾತ್ರ ಎತ್ತಿ ತಂದರೆ ಅದು ಎದ್ದು ಕೂರುವುದೂ ಇಲ್ಲ. ತಂತಿಗಳ ಕಟ್ಟನ್ನೆಲ್ಲ ಬಿಡಿಸಿ ಹಳೆಯ ಗಾಡಿಗೆ ಹೆಣೆಯಬಲ್ಲವನು ಸಿಕ್ಕಿದರೂ, ನಾಳೆ ದೂರದ ಊರಿನಲ್ಲಿ ಅದು ಕೆಟ್ಟರೆ ಆ ಹೆಣಿಗೆಯನ್ನು ಓದಬಲ್ಲವನು ಸಿಕ್ಕುವುದು ದುರ್ಲಭ. ನಂಬಿಕೆಗೆ ಅರ್ಹವಾದ ಇಂಜಿನೆಂದರೆ ಕೆಡದಿರುವುದಷ್ಟೇ ಅಲ್ಲ, ಕೆಟ್ಟ ಸ್ಥಳದಲ್ಲಿಯೇ ಸರಿಯಾಗಬಲ್ಲದ್ದು ಕೂಡ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಮಾಡಿದುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಬ್ಯಾಟರಿ, ಅನಿಲ ಮೊದಲಾದ ಬೇರೆ ಇಂಧನಗಳಿಗೆ ಒಗ್ಗಿಸುವ ಸಲಕರಣೆಗಳಿಗೆ ಗೊತ್ತಾದ ಷರತ್ತುಗಳ ಮೇಲೆ ಅವಕಾಶವುಂಟು. ಇಂಜಿನನ್ನು ಬದಲಾಯಿಸಿದರೆ ನೋಂದಣಿ ಅಧಿಕಾರಿಗಳಿಗೆ ತಿಳಿಸಿ, ಆರ್.ಸಿ. ಪುಸ್ತಕದಲ್ಲಿ ಹೊಸ ಇಂಜಿನಿನ ಸಂಖ್ಯೆಯನ್ನು ದಾಖಲು ಮಾಡಿಸಲೇಬೇಕು. ಮುಂಚಿತವಾಗಿ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯುವುದೇ ಕ್ಷೇಮ. ಗುಜರಿಯಿಂದ ಕೊಂಡ ಇಂಜಿನಿಗೆ ರಸೀತಿ ಇಲ್ಲದಿದ್ದರೆ ಅದು ಕದ್ದ ಗಾಡಿಯದೋ ಅಪಘಾತದ ಗಾಡಿಯದೋ ಎಂಬುದಕ್ಕೆ ಕೊಂಡವನೇ ಉತ್ತರ ಹೇಳಬೇಕಾಗುವುದು. ದಾಖಲೆಗೂ ಗಾಡಿಗೂ ಹೊಂದಿಕೆಯಿಲ್ಲದಿದ್ದರೆ ಅಪಘಾತದ ದಿನ ವಿಮೆಯ ಪರಿಹಾರಕ್ಕೆ ತೊಡಕು ಬರಬಹುದು. ಆ ತೊಡಕಿನ ಭಾರ ಗಾಯಗೊಂಡ ಪ್ರಯಾಣಿಕನ ಮನೆಯವರ ಮೇಲೂ ಬೀಳುತ್ತದೆ.

ಕೊನೆಗೆ ಲೆಕ್ಕ. ಅನುಕೂಲಕ್ಕಾಗಿ ಬದಲಾವಣೆಗೆ ಒಂದು ಲಕ್ಷ ರೂಪಾಯಿ ತಗಲುವುದೆಂದೂ, ಕಿಲೋಮೀಟರಿಗೆ ಎರಡು ರೂಪಾಯಿ ಉಳಿಯುವುದೆಂದೂ ಇಟ್ಟುಕೊಳ್ಳೋಣ. ಹಾಕಿದ ಹಣ ಹಿಂದಕ್ಕೆ ಬರಬೇಕಾದರೆ ೫೦,೦೦೦ ಕಿಲೋಮೀಟರು ಓಡಬೇಕು. ದಿನಕ್ಕೆ ನೂರು ಕಿಲೋಮೀಟರು ಓಡುವ ಬಾಡಿಗೆಯ ಗಾಡಿಗೆ ಇದು ೫೦೦ ದಿನಗಳ ಮಾತು. ದಿನಕ್ಕೆ ಹತ್ತು ಕಿಲೋಮೀಟರು ಓಡುವ ಮನೆಯ ಗಾಡಿಗೆ ಹದಿಮೂರು ವರ್ಷಗಳಿಗೂ ಮೀರಿದ ಮಾತು. ಅಷ್ಟು ಕಾಲ ಗಾಡಿಯ ತಗಡೇ ಉಳಿಯುವುದೋ ಇಲ್ಲವೋ! ಮೇಲಾಗಿ, ೨೦೧೪ರ ಅಕ್ಟೋಬರಿನಲ್ಲಿ ಸರ್ಕಾರವು ಡೀಸೆಲಿನ ಬೆಲೆಯ ಮೇಲಣ ಹತೋಟಿಯನ್ನು ತೆಗೆದುಹಾಕಿತು. ಪೆಟ್ರೋಲಿಗೂ ಡೀಸೆಲಿಗೂ ಹಿಂದೆ ಇದ್ದ ದೊಡ್ಡ ಅಂತರ ಆ ವೇಳೆಗಾಗಲೇ ಕುಗ್ಗುತ್ತ ಬಂದಿತ್ತು. ಹಿರಿಯರ ಕಾಲದಲ್ಲಿ ಲಾಭವಾಗಿದ್ದ ಬದಲಾವಣೆ ಇಂದು ಲಾಭವೆಂದು ಹೇಳಲಾಗದು.

ಆದುದರಿಂದ ನಮ್ಮ ಸಲಹೆ ಇಷ್ಟು. ಮೊದಲು ಪರೀಕ್ಷೆ ಮಾಡಿಸಿರಿ. ಸಣ್ಣ ದೋಷವಿದ್ದರೆ ಸಣ್ಣದಾಗಿಯೇ ತೀರಿಸಿರಿ. ಸವೆತವಿದ್ದರೆ ಇರುವ ಇಂಜಿನನ್ನೇ ಬೋರ್ ಮಾಡಿಸಿ ಕಟ್ಟಿಸಿರಿ. ಅದು ಕಟ್ಟಲು ಬಾರದಷ್ಟು ಒಡೆದಿದ್ದರೆ ಅದೇ ಜಾತಿಯ ಇಂಜಿನನ್ನು ರಸೀತಿಯೊಡನೆ ಕೊಂಡು ದಾಖಲು ಮಾಡಿಸಿರಿ. ಬೇರೆ ಜಾತಿಯ ಇಂಜಿನು ಕಟ್ಟಕಡೆಯ ದಾರಿ. ಅದನ್ನು ಹಿಡಿಯುವುದಾದರೆ ಗೇರ್ ಬಾಕ್ಸು, ಸ್ಪ್ರಿಂಗು, ರೇಡಿಯೇಟರು, ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕು, ಇವುಗಳ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆ ಖರ್ಚಿಗೆ ಕೈಯಲ್ಲಿ ಹಣ ಸಾಲದಿದ್ದರೆ, ಸಾಲುವವರೆಗೆ ಇಂಜಿನಿನ ಯೋಚನೆಯನ್ನೂ ಮುಂದಕ್ಕೆ ಹಾಕುವುದು ಒಳ್ಳೆಯದು.